ಇಂಟೇಕ್ ಮ್ಯಾನಿಫೋಲ್ಡ್ ಬಿಚ್ಚಿ ತೊಳೆದು ಗ್ಯಾಸ್ಕೆಟ್ ಬದಲಿಸುವುದು: ಮತ್ತೆ ಸೋರದಂತೆ ಮಾಡುವ ಕ್ರಮ

ಇಂಟೇಕ್ ಮ್ಯಾನಿಫೋಲ್ಡ್ ಎಂದರೆ ಪ್ರತಿ ಸಿಲಿಂಡರಿಗೂ ಗಾಳಿ ಹಂಚುವ ಕೊಳವೆಗಳ ಗೊಂಚಲು. ಅದು ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೆ ಸೇರುವ ಕಡೆ ಗಾಳಿ ಸೋರದಂತೆ ನಡುವೆ ಕೂರುವುದೇ ಗ್ಯಾಸ್ಕೆಟ್. ಹೊಸ ಗ್ಯಾಸ್ಕೆಟ್ ಹಾಕಿದ ಮೇಲೂ ಎಂಜಿನ್ ಸುಸ್ಸೆಂದು ಗಾಳಿ ಎಳೆಯುತ್ತಿದೆ, ಐಡಲ್ (ಆಕ್ಸಿಲರೇಟರ್ ಒತ್ತದಿದ್ದಾಗಿನ ಎಂಜಿನ್ ವೇಗ) ಏರಿಳಿಯುತ್ತಿದೆ ಎಂದು ಕೇಳುವವರು ಮತ್ತೆ ಮತ್ತೆ ಸಿಗುತ್ತಾರೆ. ಇವರಲ್ಲಿ ಹೆಚ್ಚಿನವರು ಮ್ಯಾನಿಫೋಲ್ಡನ್ನು ಫಳಫಳ ಹೊಳೆಯುವಂತೆ ತೊಳೆದಿರುತ್ತಾರೆ. ಅದಕ್ಕೆ ಮೂರು ಗಂಟೆ ಕೊಟ್ಟವರು, ಗ್ಯಾಸ್ಕೆಟ್ ಕೂರುವ ಮುಖವನ್ನು ಸಿದ್ಧಪಡಿಸಲು ಐದು ನಿಮಿಷ ಕೊಟ್ಟಿರುತ್ತಾರೆ. ಸೋರಿಕೆ ಹುಟ್ಟುವುದು ಅಲ್ಲೇ.

ನೆರೆಮನೆಯ ಕಾರೊಂದಕ್ಕೆ ಎರಡು ಸಲ ಗ್ಯಾಸ್ಕೆಟ್ ಬದಲಾಗಿತ್ತು. ಮೂರನೆಯ ಸಲ ಬಿಚ್ಚುವಾಗ ನಾನು ಜೊತೆಗಿದ್ದೆ. ಹೆಡ್ಡಿಗೆ ಗಾಳಿ ಒಳಹೋಗುವ ಬಾಯಿಗಳಲ್ಲಿ ಒಂದಾದ ನಾಲ್ಕನೆಯ ಪೋರ್ಟಿನ ಕೆಳ ಮೂಲೆಯಲ್ಲಿ, ಕಣ್ಣಿಗೆ ನೇರವಾಗಿ ಕಾಣದ ಜಾಗದಲ್ಲಿ, ಕತ್ತರಿಸಿದ ಉಗುರಿನಷ್ಟು ತೆಳುವಾದ ಹಳೆಯ ಗ್ಯಾಸ್ಕೆಟಿನ ಚೂರು ಅಂಟಿಕೊಂಡಿತ್ತು. ಬೆರಳಾಡಿಸಿದಾಗಲೇ ಗೊತ್ತಾದದ್ದು. ಎರಡು ಹೊಸ ಗ್ಯಾಸ್ಕೆಟುಗಳೂ ಆ ಚೂರಿನ ಮೇಲೆ ಕೂತು ಹಾಳಾಗಿದ್ದವು. ಆದ್ದರಿಂದ ಈ ಬರಹದಲ್ಲಿ ತೊಳೆಯುವುದಕ್ಕಿಂತ ಹೆಚ್ಚಿನ ಜಾಗವನ್ನು ಮುಖಕ್ಕೂ ಬಿಗಿಯುವ ಸರದಿಗೂ ಕೊಟ್ಟಿದ್ದೇನೆ.

ನಾಲ್ಕು ಸಿಲಿಂಡರಿನ ಸಾಮಾನ್ಯ ಕಾರನ್ನು ಮನಸ್ಸಿನಲ್ಲಿಟ್ಟು ಬರೆದಿರುವೆ. ಪೆಟ್ರೋಲ್ ಕಾರುಗಳಲ್ಲಿ ಹೆಚ್ಚಾಗಿ ಪ್ಲಾಸ್ಟಿಕ್ ಮ್ಯಾನಿಫೋಲ್ಡ್, ತೋಡಿನೊಳಗೆ ಕೂರುವ ರಬ್ಬರ್ ಗ್ಯಾಸ್ಕೆಟ್ ಇರುತ್ತದೆ. ಹಳೆಯ ಪೆಟ್ರೋಲ್ ಕಾರುಗಳಲ್ಲಿ ಮತ್ತು ಹಲವು ಡೀಸೆಲ್ ಕಾರುಗಳಲ್ಲಿ ಅಲ್ಯೂಮಿನಿಯಂ ಮ್ಯಾನಿಫೋಲ್ಡ್, ಚಪ್ಪಟೆ ಗ್ಯಾಸ್ಕೆಟ್ ಇರುತ್ತದೆ. ಕೆಲವು ಎಂಜಿನ್‌ಗಳಲ್ಲಿ ಮ್ಯಾನಿಫೋಲ್ಡ್ ಎಂಜಿನ್ನಿನ ಮೇಲಿನ ಕವಚದೊಂದಿಗೇ ಎರಕವಾಗಿರುತ್ತದೆ. ಅಂಥದ್ದನ್ನು ಮನೆಯಲ್ಲಿ ಮುಟ್ಟಬೇಡಿ. ವಾರಂಟಿಯಲ್ಲಿರುವ ಕಾರನ್ನೂ ಬಿಚ್ಚಬೇಡಿ.

## ಹಂತ 1: ಬಿಚ್ಚುವ ಮುನ್ನ ರೋಗ ಯಾವುದೆಂದು ಖಚಿತಪಡಿಸಿಕೊಳ್ಳಿ

ಐಡಲ್ ಏರಿಳಿತಕ್ಕೆ ಹತ್ತು ಕಾರಣಗಳಿರುತ್ತವೆ. ಹರಿದ ಬ್ರೇಕ್ ಬೂಸ್ಟರ್ ಹೋಸ್, ಬಿರುಕು ಬಿಟ್ಟ ಪಿಸಿವಿ ಕೊಳವೆ (ಎಂಜಿನ್ನಿನೊಳಗಿನ ಆವಿಯನ್ನು ಮ್ಯಾನಿಫೋಲ್ಡಿಗೆ ಒಯ್ಯುವುದು), ಕೊಳೆಯಾದ ಥ್ರಾಟಲ್ ಬಾಡಿ (ಒಳಹೋಗುವ ಗಾಳಿಯನ್ನು ತಟ್ಟೆಯಿಂದ ನಿಯಂತ್ರಿಸುವ ಭಾಗ) ಇವೆಲ್ಲವೂ ಇದೇ ಲಕ್ಷಣ ತೋರಿಸುತ್ತವೆ. ಮೊದಲು ಇವನ್ನು ನೋಡಿ. ಒಂದು ಹೋಸಿನ ತಪ್ಪಿಗೆ ಇಡೀ ಮ್ಯಾನಿಫೋಲ್ಡ್ ಇಳಿಸಿದವರಿದ್ದಾರೆ.

ಪೆಟ್ರೋಲ್ ಎಂಜಿನ್ನಿಗೆ ಸುಲಭದ ಪರೀಕ್ಷೆಯೊಂದಿದೆ. ಎಂಜಿನ್ ನಿಧಾನವಾಗಿ ಓಡುತ್ತಿರುವಾಗ, ಸ್ಪ್ರೇ ಬಾಟಲಿಯಿಂದ ಮ್ಯಾನಿಫೋಲ್ಡ್ ಹೆಡ್ಡಿಗೆ ಸೇರುವ ಅಂಚಿನ ಮೇಲೆ ತೆಳುವಾಗಿ ನೀರಿನ ತುಂತುರು ಹೊಡೆಯಿರಿ. ಸೋರುವ ಜಾಗಕ್ಕೆ ನೀರು ತಾಗಿದ ಕ್ಷಣ ಎಂಜಿನ್ನಿನ ದನಿ ಬದಲಾಗುತ್ತದೆ. ಆಲ್ಟರ್ನೇಟರ್ ಮತ್ತು ಕನೆಕ್ಟರುಗಳ ಮೇಲೆ ನೀರು ಬೀಳಬಾರದು. ಇದೇ ಪರೀಕ್ಷೆಯನ್ನು ಕಾರ್ಬ್ ಕ್ಲೀನರಿನಿಂದ ಮಾಡುವವರಿದ್ದಾರೆ. ಬಿಸಿ ಎಕ್ಸಾಸ್ಟಿನ ಪಕ್ಕದಲ್ಲಿ ಉರಿಯುವ ದ್ರವ ಸಿಂಪಡಿಸುವುದು ಬೆಂಕಿಗೆ ಆಹ್ವಾನ, ಬೇಡ.

ಕೈಯಲ್ಲಿ ಒಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರಿನ ಅಂಕಿಗಳನ್ನು ಓದುವ ಉಪಕರಣ) ಇದ್ದರೆ ಫ್ಯೂಯೆಲ್ ಟ್ರಿಮ್ ನೋಡಿ. ಕಂಪ್ಯೂಟರ್ ಇಂಧನವನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬುದನ್ನು ಅದು ಹೇಳುತ್ತದೆ. ಐಡಲ್‌ನಲ್ಲಿ ಶಾರ್ಟ್ ಮತ್ತು ಲಾಂಗ್ ಟ್ರಿಮ್ ಕೂಡಿಸಿದರೆ ಶೇಕಡಾ 10ಕ್ಕಿಂತ ಮೇಲಿದ್ದು, 2500 ಆರ್‌ಪಿಎಂಗೆ ಏರಿಸಿದಾಗ ಸೊನ್ನೆಯ ಹತ್ತಿರ ಇಳಿದರೆ ಗಾಳಿ ಸೋರಿಕೆ ಎಂದು ನಂಬಬಹುದು. ಎರಡರಲ್ಲೂ ಮೇಲೇ ಉಳಿದರೆ ಇಂಧನದ ಪಂಪು, ಫಿಲ್ಟರುಗಳ ಕಡೆ ಹುಡುಕಿ. ಗಾಳಿಗೆ ತಕ್ಕ ಇಂಧನ ಇಲ್ಲ ಎನ್ನುವ ಪಿ0171 ದೋಷಕೋಡ್ ಬಂದಿಲ್ಲ ಎಂದು ಸೋರಿಕೆಯನ್ನು ತಳ್ಳಿಹಾಕಬೇಡಿ. ಗಾಳಿಯನ್ನು ಎಂಎಪಿ ಸೆನ್ಸರಿನಿಂದ (ಮ್ಯಾನಿಫೋಲ್ಡಿನೊಳಗಿನ ಒತ್ತಡ ನೋಡುವುದು) ಅಳೆಯುವ ಕಾರುಗಳಲ್ಲಿ ಸೋರಿ ಬಂದ ಗಾಳಿಯೂ ಲೆಕ್ಕಕ್ಕೆ ಸಿಗುವುದರಿಂದ, ಆ ಕೋಡ್ ಬಾರದೆ ಐಡಲ್ ಮಾತ್ರ ಏರಿ ನಿಲ್ಲಬಹುದು.

ಟರ್ಬೊ ಇರುವ ಡೀಸೆಲ್ ಎಂಜಿನ್ನಿನಲ್ಲಿ ಲೆಕ್ಕವೇ ಬೇರೆ. ಎಳೆತ ಹೆಚ್ಚಾದಾಗ ಮ್ಯಾನಿಫೋಲ್ಡಿನೊಳಗೆ ಒತ್ತಡ ಏರಿ ಗಾಳಿ ಹೊರಕ್ಕೆ ಚಿಮ್ಮುತ್ತದೆ. ಸೇರುವ ಅಂಚಿನಲ್ಲಿ ಎಣ್ಣೆ ಬೆರೆತ ಕಪ್ಪು ಕಲೆ, ಏರುದಾರಿಯಲ್ಲಿ ಕಪ್ಪು ಹೊಗೆ ಮತ್ತು ಸಿಳ್ಳೆಯಂಥ ಸದ್ದು ಅದರ ಗುರುತುಗಳು.

## ಹಂತ 2: ಸಾಮಾನು ಹೊಂದಿಸಿಕೊಳ್ಳಿ

ಸಾಮಾನ್ಯವಾಗಿ 8, 10, 12 ಮಿಲಿಮೀಟರ್ ಸಾಕೆಟ್‌ಗಳು, ಉದ್ದ ಮತ್ತು ಗಿಡ್ಡ ಎಕ್ಸ್‌ಟೆನ್ಷನ್, ಮೂಲೆಯ ಬೋಲ್ಟುಗಳಿಗೆ ಯೂನಿವರ್ಸಲ್ ಜಾಯಿಂಟ್ ಬೇಕಾಗುತ್ತವೆ. ಜೊತೆಗೆ ಹೋಸ್ ಕ್ಲಿಪ್ ಹಿಡಿಯುವ ಇಕ್ಕಳ, ಪ್ಲಾಸ್ಟಿಕ್ ಸ್ಕ್ರೇಪರ್, ನೈಲಾನ್ ಬ್ರಷ್, ಬಾಟಲಿ ತೊಳೆಯುವ ಬ್ರಷ್, ಮಾಸ್ಕಿಂಗ್ ಟೇಪ್, ಮಾರ್ಕರ್, ಅಯಸ್ಕಾಂತದ ಕಡ್ಡಿ, ಸ್ಟೀಲ್ ಸ್ಕೇಲು, ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಎಲೆಗಳು), ಕೈಗವಸು ಮತ್ತು ಕಣ್ಣಿನ ರಕ್ಷಣೆಗೆ ಕನ್ನಡಕ ಇರಲಿ.

ಬಿಗಿಯುವ ಬಲವನ್ನು ಅಳೆಯುವ ಟಾರ್ಕ್ ವ್ರೆಂಚ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಚಕ್ರದ ನಟ್ಟು ಬಿಗಿಯುವ ದೊಡ್ಡದು ಇಲ್ಲಿಗೆ ಬಾರದು. 5ರಿಂದ 50 ನ್ಯೂಟನ್ ಮೀಟರ್ ಅಳೆಯುವ ಚಿಕ್ಕದು ಬೇಕು. ಕೊಳ್ಳಲಾಗದಿದ್ದರೆ ಪರಿಚಯದ ಗ್ಯಾರೇಜಿನಿಂದ ಒಂದು ದಿನಕ್ಕೆ ಕೇಳಿ ತನ್ನಿ.

ಬಟ್ಟೆಯ ವಿಷಯ ಚಿಕ್ಕದಾಗಿ ಕಂಡರೂ ದೊಡ್ಡದು. ಗ್ಯಾರೇಜುಗಳಲ್ಲಿ ಬಳಸುವ ಬನಿಯನ್ ವೇಸ್ಟ್ ಎಳೆ ಬಿಡುತ್ತದೆ. ಹೊರಗಿನ ಕೊಳೆ ಒರೆಸಲು ಅದು ಸಾಕು. ಪೋರ್ಟಿನ ಹತ್ತಿರಕ್ಕೆ ಎಳೆ ಬಿಡದ ಮೈಕ್ರೋಫೈಬರ್ ಬಟ್ಟೆಯೇ ಬೇಕು.

ಕೊಳ್ಳುವಾಗ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಒಂದನ್ನೇ ತರಬೇಡಿ. ಥ್ರಾಟಲ್ ಬಾಡಿ ಗ್ಯಾಸ್ಕೆಟ್, ಇಜಿಆರ್ (ಎಕ್ಸಾಸ್ಟಿನ ಸ್ವಲ್ಪ ಹೊಗೆಯನ್ನು ಮತ್ತೆ ಎಂಜಿನ್ನಿಗೆ ಕಳಿಸುವ ವ್ಯವಸ್ಥೆ) ಗ್ಯಾಸ್ಕೆಟ್, ಇಂಧನ ಸಿಂಪಡಿಸುವ ಇಂಜೆಕ್ಟರುಗಳನ್ನು ಹೊರತೆಗೆಯಬೇಕಾದರೆ ಅವುಗಳ ಓ ರಿಂಗುಗಳು, ಸಡಿಲವಾದ ಹೋಸ್ ಕ್ಲಿಪ್ಪುಗಳು ಎಲ್ಲವನ್ನೂ ಒಟ್ಟಿಗೆ ತನ್ನಿ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಕಾರಿನ ಹೆಸರಷ್ಟೇ ಹೇಳಿದರೆ ಹತ್ತಿರದ ಅಳತೆಯದ್ದು ಕೈಗೆ ಬರುವ ಸಾಧ್ಯತೆ ಇದೆ. ಒಂದೇ ಹೆಸರಿನ ಕಾರಿಗೆ ಬೇರೆ ಬೇರೆ ವರ್ಷಗಳಲ್ಲಿ ಬೇರೆ ಎಂಜಿನ್ ಬಂದಿರುತ್ತದೆ. ಚಾಸಿ ಸಂಖ್ಯೆ ಕೊಟ್ಟು ಭಾಗದ ಸಂಖ್ಯೆ ತಾಳೆ ನೋಡಿ.

## ಹಂತ 3: ಎಂಜಿನ್ ತಣಿಸಿ, ಇಂಧನದ ಒತ್ತಡ ಇಳಿಸಿ

ರಾತ್ರಿಯಿಡೀ ತಣಿದ ಎಂಜಿನ್ನಿನ ಮೇಲೆ, ಗಾಳಿಯಾಡುವ ಜಾಗದಲ್ಲಿ ಬೆಳಿಗ್ಗೆ ಕೆಲಸ ಶುರುಮಾಡಿ. ಮೊದಲ ಸಲ ಮಾಡುವವರು ಶನಿವಾರ ಮತ್ತು ಭಾನುವಾರ ಎರಡನ್ನೂ ಇದಕ್ಕೇ ಇಟ್ಟುಕೊಳ್ಳಿ. ಸಂಜೆ ಊರಿಗೆ ಹೊರಡಬೇಕು ಎನ್ನುವ ಅವಸರದಲ್ಲಿ ಬೋಲ್ಟುಗಳು ಮುರಿಯುತ್ತವೆ.

ಪೆಟ್ರೋಲ್ ಕಾರಿನಲ್ಲಿ ಸರದಿ ಹೀಗಿರಲಿ: ಮೊದಲು ಫ್ಯೂಯೆಲ್ ಪಂಪಿನ ಫ್ಯೂಸ್ ಕಿತ್ತು, ಎಂಜಿನ್ ಚಾಲೂ ಮಾಡಿ ತಾನಾಗಿಯೇ ನಿಲ್ಲಲು ಬಿಡಿ. ಇನ್ನೊಮ್ಮೆ ಎರಡು ಮೂರು ಸೆಕೆಂಡು ಸ್ಟಾರ್ಟರ್ ತಿರುಗಿಸಿ. ಆಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ಬ್ಯಾಟರಿ ಮೊದಲು ಬಿಚ್ಚಿದರೆ ಒತ್ತಡ ಇಳಿಸುವ ದಾರಿಯೇ ಮುಚ್ಚಿಹೋಗುತ್ತದೆ. ಪೈಪು ಬಿಚ್ಚುವಾಗ ಉಳಿದ ಪೆಟ್ರೋಲ್ ಚಿಮ್ಮದಂತೆ ಬಟ್ಟೆ ಸುತ್ತಿ ಹಿಡಿಯಿರಿ.

ಡೀಸೆಲ್ ಕಾಮನ್ ರೈಲ್ ಎಂಜಿನ್ನಿಗೆ ನನ್ನದು ಕಟ್ಟುನಿಟ್ಟಿನ ಮಾತು. ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ‘ರೈಲ್’ ಎಂಬ ಕೊಳವೆಯೊಳಗಿನ ಒತ್ತಡ 1600 ಬಾರ್‌ವರೆಗೂ, ಕೆಲವು ಎಂಜಿನ್‌ಗಳಲ್ಲಿ ಅದಕ್ಕಿಂತ ಮೇಲೂ ಹೋಗುತ್ತದೆ. ಕೂದಲೆಳೆಯಷ್ಟು ಸೀಳಿನಿಂದ ಬಂದ ಧಾರೆ ಚರ್ಮ ತೂರಿ ಒಳಗೆ ಹೋಗಬಲ್ಲದು. ಹೈಪ್ರೆಶರ್ ಪೈಪುಗಳನ್ನು ಬಿಚ್ಚದೆ ಮ್ಯಾನಿಫೋಲ್ಡ್ ಹೊರಬರುವುದಾದರೆ ಮಾತ್ರ ಮನೆಯಲ್ಲಿ ಮಾಡಿ. ಪೈಪು ಬಿಚ್ಚಲೇಬೇಕಾದ ಎಂಜಿನ್ ಆಗಿದ್ದರೆ ವರ್ಕ್‌ಶಾಪಿಗೆ ಒಯ್ಯಿರಿ.

## ಹಂತ 4: ಮೊದಲು ಹೊರಗಿನ ಧೂಳು ತೆಗೆಯಿರಿ

ಇದನ್ನು ಬಿಡುವವರೇ ಹೆಚ್ಚು. ನಮ್ಮ ರಸ್ತೆಗಳಲ್ಲಿ ಓಡಿದ ಕಾರಿನ ಮ್ಯಾನಿಫೋಲ್ಡ್ ಸುತ್ತ ಮರಳು, ಒಣಗಿದ ಮಣ್ಣು, ಎಲೆಯ ಚೂರುಗಳು ಬೋಲ್ಟಿನ ಗುಂಡಿಗಳಲ್ಲಿ ತುಂಬಿರುತ್ತವೆ. ಮ್ಯಾನಿಫೋಲ್ಡ್ ಎತ್ತಿದ ಕೂಡಲೇ ಅವು ಬೀಳುವುದು ನೇರ ಪೋರ್ಟಿನೊಳಕ್ಕೆ. ಒಣ ಬ್ರಷ್ಷಿನಿಂದ ಸಡಿಲಿಸಿ ವ್ಯಾಕ್ಯೂಮ್ ಕ್ಲೀನರಿನಿಂದ ಎಳೆದುಬಿಡಿ. ಆದರೆ ಪೆಟ್ರೋಲ್ ಸೋರಿದ ವಾಸನೆಯಿದ್ದರೆ ವ್ಯಾಕ್ಯೂಮ್ ಬಳಸಲೇಬೇಡಿ, ಅದರ ಮೋಟಾರಿನ ಕಿಡಿ ಸಾಕು.

## ಹಂತ 5: ಗುರುತು ಹಾಕುತ್ತ ಬಿಚ್ಚಿ

ಪ್ರತಿ ಹೋಸಿಗೂ ಅದು ಸೇರುವ ಕೊಳವೆಗೂ ಒಂದೇ ಅಂಕಿಯ ಟೇಪ್ ಅಂಟಿಸಿ. ಪ್ರತಿ ಕನೆಕ್ಟರ್ ಕಳಚುವ ಮುನ್ನ ಮೊಬೈಲಿನಲ್ಲಿ ಎರಡು ಕೋನಗಳಿಂದ ಫೋಟೋ ತೆಗೆಯಿರಿ. ಬೋಲ್ಟುಗಳ ಉದ್ದ ಒಂದೇ ಇರುವುದಿಲ್ಲ. ರಟ್ಟಿನ ಮೇಲೆ ಮ್ಯಾನಿಫೋಲ್ಡಿನ ಚಿತ್ರ ಗೀಚಿ, ಬೋಲ್ಟು ಬಂದ ಜಾಗದಲ್ಲೇ ರಟ್ಟಿಗೆ ಚುಚ್ಚಿಡಿ. ಉದ್ದದ ಬೋಲ್ಟು ಗಿಡ್ಡದರ ಜಾಗಕ್ಕೆ ಹೋದರೆ ತಳ ಮುಟ್ಟಿ ನಿಲ್ಲುತ್ತದೆ. ಕೈಗೆ ಬಿಗಿಯೆನಿಸಿದರೂ ಗ್ಯಾಸ್ಕೆಟ್ ಮೇಲೆ ಒತ್ತಡವೇ ಬಿದ್ದಿರುವುದಿಲ್ಲ.

ಏರ್ ಫಿಲ್ಟರಿನ ಡಕ್ಟ್, ಥ್ರಾಟಲ್ ಬಾಡಿ, ಸೆನ್ಸರುಗಳು, ವ್ಯಾಕ್ಯೂಮ್ ಹೋಸುಗಳು, ಇಜಿಆರ್ ಪೈಪು ಈ ಸರದಿಯಲ್ಲಿ ಕಳಚಿ. ಥ್ರಾಟಲ್ ಬಾಡಿಗೆ ಅಥವಾ ಮ್ಯಾನಿಫೋಲ್ಡಿಗೆ ಕೂಲಂಟ್ ಹರಿಯುತ್ತಿದ್ದರೆ ಮೊದಲೇ ಪಾತ್ರೆಗೆ ಇಳಿಸಿಕೊಳ್ಳಿ, ಇಲ್ಲವಾದರೆ ಎತ್ತಿದ ಕೂಡಲೇ ಅದು ಪೋರ್ಟಿಗೆ ನುಗ್ಗುತ್ತದೆ.

ಈಗ ಬೋಲ್ಟುಗಳು. ಅಂಚಿನಿಂದ ನಡುವಿನ ಕಡೆಗೆ, ಒಂದೊಂದನ್ನೂ ಅರ್ಧ ಸುತ್ತಿನಂತೆ ಸಡಿಲಿಸಿ. ತುಕ್ಕು ಹಿಡಿದ ಸ್ಟಡ್ಡುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿರಬೇಕು. ಎಲ್ಲ ಬಿಚ್ಚಿದರೂ ಮ್ಯಾನಿಫೋಲ್ಡ್ ಅಲುಗದಿದ್ದರೆ ಸ್ಕ್ರೂಡ್ರೈವರ್ ತುರುಕಿ ಮೀಟಬೇಡಿ. ಕೆಳಗಡೆ ಎಂಜಿನ್ ಬ್ಲಾಕಿಗೆ ಹಿಡಿದಿಡುವ ಆಸರೆಪಟ್ಟಿಯೊಂದು ಹಲವು ಕಾರುಗಳಲ್ಲಿರುತ್ತದೆ, ಮೇಲಿನಿಂದ ಅದು ಕಾಣದು. ಅದನ್ನು ಮರೆತು ಮೀಟಿದ್ದರಿಂದಲೇ ಎಷ್ಟೋ ಪ್ಲಾಸ್ಟಿಕ್ ಮ್ಯಾನಿಫೋಲ್ಡುಗಳ ಬೋಲ್ಟು ಕೂರುವ ಕಿವಿಗಳು ಮುರಿದಿವೆ. ಕನ್ನಡಿ ಹಿಡಿದು ಹುಡುಕಿ. ಅದೂ ಬಿಚ್ಚಿಯಾಗಿದ್ದರೆ ಅಂಗೈಯಿಂದ ಹಿಂದೆ ಮುಂದೆ ಅಲುಗಿಸಿ, ಬರುತ್ತದೆ.

## ಹಂತ 6: ಪೋರ್ಟುಗಳನ್ನು ಮುಚ್ಚಿ, ಹಳೆಯ ಗ್ಯಾಸ್ಕೆಟ್ ಓದಿ

ಮ್ಯಾನಿಫೋಲ್ಡ್ ಕೈಗೆ ಬಂದ ಮರುಕ್ಷಣವೇ ಹೆಡ್ಡಿನ ಪೋರ್ಟುಗಳನ್ನು ಮುಚ್ಚಿ. ಪ್ರತಿಯೊಂದಕ್ಕೂ ಹೊರಗೆ ಬಾಲ ಉಳಿಯುವಷ್ಟು ದೊಡ್ಡ ಬಟ್ಟೆ ತುರುಕಿ, ಬಾಲಕ್ಕೆ ಅಂಕಿ ಬರೆದ ಟೇಪ್ ಕಟ್ಟಿ. ಎಷ್ಟು ಬಟ್ಟೆ ಇಟ್ಟಿರಿ ಎಂಬುದನ್ನು ಬಾನೆಟ್ಟಿನ ಒಳಬದಿಗೆ ಬರೆದು ಅಂಟಿಸಿ. ಪೋರ್ಟಿನಲ್ಲೇ ಬಟ್ಟೆ ಮರೆತು ಚಾಲೂ ಮಾಡುವುದು ನುರಿತವರಿಂದಲೂ ಆಗುವ ತಪ್ಪು. ನಟ್ಟೊಂದು ಪೋರ್ಟಿನೊಳಗೆ ಬಿದ್ದಿತೆಂಬ ಸಣ್ಣ ಅನುಮಾನ ಬಂದರೂ ಸ್ಟಾರ್ಟರ್ ಮುಟ್ಟಬೇಡಿ. ಅಯಸ್ಕಾಂತದ ಕಡ್ಡಿಯಿಂದ ಅದು ಕೈಗೆ ಸಿಗುವವರೆಗೂ ಕೆಲಸ ಅಲ್ಲಿಗೇ ನಿಲ್ಲಲಿ.

ಹಳೆಯ ಗ್ಯಾಸ್ಕೆಟನ್ನು ಎಸೆಯುವ ಮುನ್ನ ಬೆಳಕಿಗೆ ಹಿಡಿದು ನೋಡಿ. ಸರಿಯಾಗಿ ಕೂತಿದ್ದ ಕಡೆ ಒತ್ತಿದ ಗೆರೆ ಒಂದೇ ಸಮನಾಗಿ, ಶುಭ್ರವಾಗಿ ಇರುತ್ತದೆ. ಸೋರಿದ ಕಡೆ ಆ ಗೆರೆಯನ್ನು ಅಡ್ಡ ದಾಟಿದ ಕಪ್ಪು ಅಥವಾ ಮಣ್ಣುಬಣ್ಣದ ಎಳೆ ಕಾಣುತ್ತದೆ. ಯಾವ ಪೋರ್ಟಿನ ಯಾವ ಮೂಲೆ ಎಂದು ಗುರುತು ಮಾಡಿಕೊಳ್ಳಿ. ಮುಂದೆ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಅದು.

## ಹಂತ 7: ಹೆಡ್ಡಿನ ಮುಖ

ಗ್ಯಾಸ್ಕೆಟ್ ಉಳಿಯುವುದೂ ಸೋರುವುದೂ ಇಲ್ಲಿ ತೀರ್ಮಾನವಾಗುತ್ತದೆ. ಹೆಡ್ ಅಲ್ಯೂಮಿನಿಯಂನದು, ಮೆದು. ಉಕ್ಕಿನ ಸ್ಕ್ರೇಪರ್, ಬ್ಲೇಡು ಎಳೆದರೆ ಗೀರು ಬೀಳುತ್ತದೆ. ಪೋರ್ಟಿನಿಂದ ಹೊರ ಅಂಚಿಗೆ ಅಡ್ಡಲಾಗಿ ಬಿದ್ದ ಒಂದು ಗೀರು ಗಾಳಿಗೆ ಕಾಲುವೆ ತೋಡಿಕೊಟ್ಟಂತೆ.

ಗ್ರೈಂಡರಿಗೆ ಸಿಕ್ಕಿಸುವ ಉಜ್ಜುವ ಬಿಲ್ಲೆ, ಉಪ್ಪುಕಾಗದ ಎರಡೂ ಬೇಡ. ಅವು ಮುಖವನ್ನು ತಗ್ಗು ಮಾಡುತ್ತವೆ. ಅದಕ್ಕಿಂತ ಕೆಟ್ಟದ್ದು, ಅವುಗಳಿಂದ ಉದುರುವ ಗಡಸು ಪುಡಿ ಎಂಜಿನ್ನಿನೊಳಗೆ ಇಳಿದರೆ ಸಿಲಿಂಡರಿನ ಗೋಡೆ, ಬೇರಿಂಗುಗಳನ್ನು ತಿನ್ನುತ್ತದೆ.

ಗ್ಯಾಸ್ಕೆಟ್ ಬಿಡಿಸುವ ದ್ರವವನ್ನು ಬಟ್ಟೆಗೆ ಹಾಕಿ ಅಂಟಿದ ಕಡೆ ಹತ್ತು ನಿಮಿಷ ಒತ್ತಿಡಿ. ನೆನೆದ ಮೇಲೆ ಪ್ಲಾಸ್ಟಿಕ್ ಸ್ಕ್ರೇಪರಿನಿಂದ ಪೋರ್ಟಿನಿಂದ ಹೊರಮುಖವಾಗಿ ತಳ್ಳಿ. ಬಿಡದಿದ್ದರೆ ಮತ್ತೆ ನೆನೆಸಿ, ಬಲ ಹಾಕಬೇಡಿ. ಮುಗಿಯಿತು ಎನಿಸಿದಾಗ ಕೈಗವಸು ತೆಗೆದು, ಕಣ್ಣು ಮುಚ್ಚಿ, ಪ್ರತಿ ಪೋರ್ಟಿನ ಸುತ್ತ ತೋರುಬೆರಳನ್ನು ನಿಧಾನವಾಗಿ ಒಂದು ಸುತ್ತು ಆಡಿಸಿ. ಕೆಳ ಅಂಚನ್ನು ಎರಡು ಸಲ. ಕಣ್ಣು ತಪ್ಪಿಸಿಕೊಂಡದ್ದು ಬೆರಳಿಗೆ ಸಿಗುತ್ತದೆ.

ಪೋರ್ಟಿನ ಆಳದಲ್ಲಿ, ವಾಲ್ವಿನ ಬೆನ್ನಿನ ಮೇಲೆ ಕಾಣುವ ಮಸಿಯನ್ನು ಕೆರೆಯುವ ಆಸೆಯಾಗುತ್ತದೆ. ವಾಲ್ವು ತೆರೆದಿದ್ದರೆ ಆ ಚೂರುಗಳೆಲ್ಲ ಸಿಲಿಂಡರಿಗೆ ಹೋಗುತ್ತವೆ. ಮೊದಲ ಸಲ ಮಾಡುವವರು ಬಾಯಂಚಿನಷ್ಟಕ್ಕೆ ನಿಲ್ಲಿಸಿ.

## ಹಂತ 8: ಮ್ಯಾನಿಫೋಲ್ಡ್ ತೊಳೆಯುವುದು

ಇಜಿಆರ್‌ನಿಂದ ಬರುವ ಮಸಿ, ಕ್ರ್ಯಾಂಕ್‌ಕೇಸಿನಿಂದ ಬರುವ ಎಣ್ಣೆಯಾವಿ ಬೆರೆತು ಡೀಸೆಲ್ ಮ್ಯಾನಿಫೋಲ್ಡಿನೊಳಗೆ ಟಾರಿನಂಥ ಪದರ ಕಟ್ಟುತ್ತದೆ. ದಪ್ಪ ಪದರವನ್ನು ಮೊದಲು ಮರದ ಅಥವಾ ಪ್ಲಾಸ್ಟಿಕ್ ಕಡ್ಡಿಯಿಂದ ಒಣದಾಗಿಯೇ ಕೆರೆದು ತೆಗೆಯಿರಿ. ಮೊದಲೇ ದ್ರವ ಸುರಿದರೆ ಅದು ಕೆಸರಾಗಿ ಎಲ್ಲೆಡೆ ಹರಡಿ ಕೆಲಸ ಇಮ್ಮಡಿಸುತ್ತದೆ.

ಸೆನ್ಸರುಗಳು, ರಬ್ಬರ್ ಭಾಗಗಳು, ಮೋಟಾರುಗಳನ್ನೆಲ್ಲ ಕಳಚಿದ ಮೇಲೆ, ಅಲ್ಯೂಮಿನಿಯಂ ಮ್ಯಾನಿಫೋಲ್ಡನ್ನು ಡೀಸೆಲ್‌ನಲ್ಲಿ ರಾತ್ರಿಯಿಡೀ ನೆನೆಸಿಡಿ. ಬೆಳಿಗ್ಗೆ ಬಾಟಲಿ ಬ್ರಷ್ಷಿನಿಂದ ಉಜ್ಜಿ, ಡಿಗ್ರೀಸರ್ ಅಥವಾ ಪಾತ್ರೆ ತೊಳೆಯುವ ದ್ರವ ಹಾಕಿದ ಬಿಸಿನೀರಿನಿಂದ ಎರಡು ಮೂರು ಸಲ ತೊಳೆಯಿರಿ. ಪ್ಲಾಸ್ಟಿಕ್ಕಿನದನ್ನು ಡೀಸೆಲ್ಲಿನಲ್ಲಿ ಮುಳುಗಿಸದೆ, ಉಗುರುಬೆಚ್ಚಗಿನ ಸಾಬೂನು ನೀರು ಮತ್ತು ಪ್ಲಾಸ್ಟಿಕ್ಕಿಗೆ ಒಗ್ಗುವ ಡಿಗ್ರೀಸರಿನಲ್ಲೇ ತೊಳೆಯಿರಿ. ಒಳಗೆ ಸ್ವರ್ಲ್ ಫ್ಲ್ಯಾಪುಗಳಿದ್ದರೆ (ಗಾಳಿಯನ್ನು ಸುಳಿಯಾಗಿಸುವ ಚಿಕ್ಕ ತಟ್ಟೆಗಳು) ಕಡ್ಡಿ ಹಾಕಿ ತಿರುವಬೇಡಿ.

ಚರಂಡಿ ಕಟ್ಟಿದಾಗ ಬಳಸುವ ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂಗೆ ವಿಷ. ಅದು ಲೋಹವನ್ನೇ ಕರಗಿಸುತ್ತದೆ, ಜೊತೆಗೆ ಹೊತ್ತಿಕೊಳ್ಳಬಲ್ಲ ಹೈಡ್ರೋಜನ್ ಅನಿಲ ಬಿಡುತ್ತದೆ. ಪೆಟ್ರೋಲಿನಲ್ಲಿ ತೊಳೆಯುವುದೂ, ಮಸಿಯನ್ನು ಬೆಂಕಿ ಹಚ್ಚಿ ಸುಡುವುದೂ ಬೇಡ. ಎಂಎಪಿ ಸೆನ್ಸರ್, ಎಂಎಎಫ್ (ಒಳಬರುವ ಗಾಳಿಯನ್ನು ಅಳೆಯುವ) ಸೆನ್ಸರುಗಳಿಗೆ ಅವಕ್ಕೆಂದೇ ಇರುವ ಕ್ಲೀನರ್ ಮಾತ್ರ ಸಿಂಪಡಿಸಿ, ಎಂಎಎಫ್‌ನ ಒಳಗಿನ ತಂತಿಯನ್ನು ಬೆರಳಿನಿಂದಾಗಲಿ ಬ್ರಷ್ಷಿನಿಂದಾಗಲಿ ಮುಟ್ಟಬೇಡಿ. ಎಲೆಕ್ಟ್ರಾನಿಕ್ ಥ್ರಾಟಲಿನ ತಟ್ಟೆಯನ್ನು ಬಲವಂತವಾಗಿ ತಳ್ಳದೆ ಬಟ್ಟೆಯಿಂದ ಒರೆಸಿ.

ತೊಳೆದದ್ದು ಪೂರ್ತಿ ಒಣಗಬೇಕು. ಬಿಸಿಲಿನಲ್ಲಿ ಬಾಯಿ ಕೆಳಗಾಗಿಟ್ಟು, ಆಗಾಗ ಮಗುಚಿ, ಅರ್ಧ ದಿನ ಬಿಡಿ. ಒಳಗೆ ನೀರು ನಿಂತಿದ್ದರೆ ಸಿಲಿಂಡರಿಗೆ ನುಗ್ಗಿ ಕನೆಕ್ಟಿಂಗ್ ರಾಡ್ ಬಾಗಬಹುದು. ಡೀಸೆಲ್ ಎಂಜಿನ್ನಿನಲ್ಲಿ ಉಳಿದ ಎಣ್ಣೆ, ದ್ರವಗಳ ಅಪಾಯ ಇನ್ನೂ ದೊಡ್ಡದು: ಎಂಜಿನ್ ಅದನ್ನೇ ಇಂಧನ ಮಾಡಿಕೊಂಡು, ಕೀಲಿ ತಿರುಗಿಸಿದರೂ ನಿಲ್ಲದೆ ಓಡಬಲ್ಲದು.

ಮಸಿ ಬೆರೆತ ಡೀಸೆಲನ್ನು ಮೋರಿಗೆ ಸುರಿಯಬೇಡಿ. ಡಬ್ಬಿಯಲ್ಲಿ ತುಂಬಿ, ಹಳೆಯ ಎಂಜಿನ್ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ.

## ಹಂತ 9: ಮುಖ ಸಪಾಟಾಗಿದೆಯೇ?

ಮ್ಯಾನಿಫೋಲ್ಡಿನ ಮುಖದ ಮೇಲೆ ಸ್ಟೀಲ್ ಸ್ಕೇಲನ್ನು ಉದ್ದಕ್ಕೂ ಮೂಲೆಯಿಂದ ಮೂಲೆಗೂ ಅಂಚು ಮೇಲಾಗಿ ನಿಲ್ಲಿಸಿ, ಕೆಳಗೆ ಫೀಲರ್ ಗೇಜ್ ತೂರಿಸಿ. ಎಷ್ಟು ಸಂದು ಒಪ್ಪಿಗೆ ಎಂಬುದನ್ನು ನಿಮ್ಮ ಕಾರಿನ ಸರ್ವಿಸ್ ಮ್ಯಾನುಯಲ್ ಹೇಳುತ್ತದೆ. 0.10 ಮಿಲಿಮೀಟರಿನ ಎಲೆ ಸಲೀಸಾಗಿ ತೂರಿದರೆ ನಾನಂತೂ ಮುಂದುವರಿಯುವ ಮುನ್ನ ಮ್ಯಾನುಯಲ್ ತೆರೆಯುತ್ತೇನೆ. ಬಾಗಿದ ಅಲ್ಯೂಮಿನಿಯಂ ಮುಖವನ್ನು ಮಷೀನ್ ಶಾಪಿನಲ್ಲಿ ಸಪಾಟು ಮಾಡಿಸಬಹುದು, ಬಾಗಿದ ಪ್ಲಾಸ್ಟಿಕ್ಕಿಗೆ ಬದಲಾವಣೆಯೇ ದಾರಿ.

## ಹಂತ 10: ಹೊಸ ಗ್ಯಾಸ್ಕೆಟ್ ಕೂರಿಸಿ, ಸರದಿಯಂತೆ ಬಿಗಿಯಿರಿ

ಹೊಸದನ್ನು ಹಳೆಯದರ ಮೇಲಿಟ್ಟು ಪ್ರತಿ ರಂಧ್ರವೂ ತಾಳೆಯಾಗುತ್ತದೆಯೇ ನೋಡಿ. ಉಲ್ಟಾ ಹಾಕಿದರೆ ಕೂಲಂಟಿನ ದಾರಿ ಮುಚ್ಚಬಹುದು. ರಬ್ಬರಿನದಾದರೆ ತೋಡಿನೊಳಗೆ ತಿರುಚದೆ, ಎಳೆಯದೆ, ಸುತ್ತಲೂ ಬೆರಳಿನಿಂದ ಒತ್ತಿ.

ಮೇಲೊಂದಿಷ್ಟು ಸಿಲಿಕೋನ್ ಹಚ್ಚಿದರೆ ಭದ್ರ ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಮ್ಯಾನುಯಲ್ ಹೇಳದ ಹೊರತು ಹಚ್ಚಬೇಡಿ. ಅದು ಗ್ಯಾಸ್ಕೆಟನ್ನು ಜಾರಿಸುತ್ತದೆ, ಹಿಂಡಿ ಒಳಬಂದ ಅಂಟು ಒಣಗಿ ಚೂರಾಗಿ ಪೋರ್ಟಿಗೆ ಬೀಳುತ್ತದೆ. ಮುಖ ಶುಭ್ರವಾಗಿ, ಒಣಗಿರುವುದೇ ಭದ್ರ.

ಈಗ ಬಟ್ಟೆಗಳನ್ನು ಒಂದೊಂದಾಗಿ ಎಳೆಯಿರಿ. ಬಾನೆಟ್ಟಿನ ಚೀಟಿಯೊಂದಿಗೆ ಲೆಕ್ಕ ಕೂಡಿದ ಮೇಲೆಯೇ ಮ್ಯಾನಿಫೋಲ್ಡ್ ಎತ್ತಿ.

ಎಲ್ಲ ಬೋಲ್ಟುಗಳನ್ನೂ ಬರಿಗೈಯಿಂದ ಪೂರ್ತಿ ತಿರುಗಿಸಿ. ಕೈಯಿಂದ ತಿರುಗದ ಬೋಲ್ಟು ಅಡ್ಡ ಎಳೆಗೆ (ಥ್ರೆಡ್ಡಿಗೆ) ಸಿಕ್ಕಿದೆ ಎಂದರ್ಥ, ಸ್ಪ್ಯಾನರಿನಿಂದ ತಳ್ಳಿದರೆ ಹೆಡ್ಡಿನ ಎಳೆ ಹಾಳು. ಸಲೀಸಾಗಿ ತಿರುಗಲಿ ಎಂದು ಬೋಲ್ಟುಗಳಿಗೆ ಎಣ್ಣೆಯನ್ನೂ ಹಚ್ಚಬೇಡಿ. ಎಣ್ಣೆಯ ಜಾರಿಕೆಯಿಂದ ಅದೇ ಟಾರ್ಕಿಗೆ ಬೋಲ್ಟು ಹೆಚ್ಚು ಹಿಗ್ಗುತ್ತದೆ.

ನಡುವಿನ ಬೋಲ್ಟಿನಿಂದ ಶುರುಮಾಡಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹೋಗುತ್ತ ಅಂಚುಗಳನ್ನು ಮುಟ್ಟಿ. ಮೊದಲ ಸುತ್ತಿನಲ್ಲಿ ಹೇಳಿದ ಟಾರ್ಕಿನ ಮೂರನೇ ಒಂದು ಭಾಗ, ಎರಡನೆಯದರಲ್ಲಿ ಮೂರನೇ ಎರಡು ಭಾಗ, ಮೂರನೆಯದರಲ್ಲಿ ಪೂರ್ತಿ. ಅಂಚಿನಿಂದ ಬಿಗಿದರೆ ನಡುಭಾಗ ಉಬ್ಬಿ, ನಡುವಿನ ಪೋರ್ಟುಗಳು ಸೋರುತ್ತವೆ. ಹಲವು ಕಾರುಗಳಲ್ಲಿ ಈ ಅಂಕಿ 10ರಿಂದ 25 ನ್ಯೂಟನ್ ಮೀಟರಿನ ನಡುವೆ ಬರುತ್ತದೆ. ನಿಮ್ಮ ಎಂಜಿನ್ನಿನ ಸರಿಯಾದ ಅಂಕಿಯನ್ನೂ ಸರದಿಯನ್ನೂ ಮ್ಯಾನುಯಲಿನಿಂದಲೇ ತೆಗೆದುಕೊಳ್ಳಿ. ಟಾರ್ಕ್ ವ್ರೆಂಚ್ ಕಟ್ ಎಂದ ಮೇಲೆ ‘ಇನ್ನೊಂದು ಚೂರು’ ಎಂದು ಎಳೆಯಬೇಡಿ.

ಆಸರೆಪಟ್ಟಿಯನ್ನು ಮ್ಯಾನಿಫೋಲ್ಡ್ ಪೂರ್ತಿ ಬಿಗಿದ ಮೇಲೆ ಹಾಕಿ. ಮೊದಲೇ ಹಾಕಿದರೆ ಅದು ಮ್ಯಾನಿಫೋಲ್ಡನ್ನು ಕೆಳಕ್ಕೆ ಎಳೆದು ಹಿಡಿಯುತ್ತದೆ.

## ಹಂತ 11: ಮೊದಲ ಚಾಲನೆ

ಹೋಸು, ಕನೆಕ್ಟರುಗಳನ್ನು ಟೇಪಿನ ಅಂಕಿಯಂತೆ ಸೇರಿಸಿ. ಕೂಲಂಟ್ ತುಂಬಿಸಿ. ಪಂಪಿನ ಫ್ಯೂಸ್, ಬ್ಯಾಟರಿ ಹಾಕಿದ ಮೇಲೆ ಎಂಜಿನ್ ಚಾಲೂ ಮಾಡದೆ ಕೀಲಿಯನ್ನು ನಾಲ್ಕೈದು ಸಲ ಆನ್ ಮಾಡಿ ಆಫ್ ಮಾಡಿ. ಪ್ರತಿ ಸಲವೂ ಇಂಧನದ ಜೋಡಣೆಗಳ ಬಳಿ ಮೂಗು ಕಣ್ಣು ಎರಡೂ ಇರಲಿ. ಹನಿ ಕಂಡರೆ ಅಲ್ಲಿಗೇ ನಿಲ್ಲಿಸಿ.

ಚಾಲೂ ಮಾಡಿದಾಗ ಐಡಲ್ ಸ್ವಲ್ಪ ಹೊತ್ತು ಮೇಲೆ ಕೆಳಗೆ ಆಡಿದರೆ ಗಾಬರಿ ಬೇಡ. ಬ್ಯಾಟರಿ ಬಿಚ್ಚಿದ್ದರಿಂದ, ಥ್ರಾಟಲ್ ಶುಚಿಯಾದ್ದರಿಂದ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಹೊಸದಾಗಿ ಕಲಿಯಬೇಕಾಗುತ್ತದೆ. ಎಂಜಿನ್ ಬಿಸಿಯಾಗಿ ಫ್ಯಾನ್ ಒಂದು ಸುತ್ತು ಓಡಿ ನಿಲ್ಲುವವರೆಗೆ ಆಕ್ಸಿಲರೇಟರ್ ಮುಟ್ಟದೆ ಬಿಡಿ. ಕೆಲವು ಕಾರುಗಳಿಗೆ ಸ್ಕ್ಯಾನರಿನಿಂದ ಐಡಲ್ ಕಲಿಸಬೇಕು. ಆಮೇಲೂ ಸುಸ್ಸೆಂಬ ಸದ್ದಿದ್ದರೆ ಬೋಲ್ಟುಗಳನ್ನು ಇನ್ನಷ್ಟು ಬಿಗಿಯಬೇಡಿ. ಬಿಟ್ಟುಹೋದ ಹೋಸ್ ಹುಡುಕಿ, ನೀರಿನ ತುಂತುರಿನ ಪರೀಕ್ಷೆಯನ್ನು ಮತ್ತೆ ಮಾಡಿ.

ಕೂಡಲೇ ಎಂಜಿನ್ ನಿಲ್ಲಿಸಬೇಕಾದ ಗುರುತುಗಳು: ಪೆಟ್ರೋಲಿನ ವಾಸನೆ, ಲೋಹ ಬಡಿದಂಥ ಟಕಟಕ ಸದ್ದು, ಡೀಸೆಲ್ ಎಂಜಿನ್ ತಾನಾಗಿಯೇ ಏರುವುದು, ತಾಪಮಾನದ ಮುಳ್ಳು ಎಂದಿಗಿಂತ ಮೇಲೆ ಹೋಗುವುದು.

ಎಲ್ಲವೂ ಸರಿಯಿದ್ದರೆ ಹತ್ತು ಕಿಲೋಮೀಟರ್ ಓಡಿಸಿ ಬಂದು, ಎಂಜಿನ್ ಪೂರ್ತಿ ತಣಿದ ಮೇಲೆ ಕೂಲಂಟಿನ ಮಟ್ಟ ನೋಡಿ. 500 ಕಿಲೋಮೀಟರಿನ ನಂತರ ಟಾರ್ಚ್ ಹಿಡಿದು, ಹಳೆಯ ಗ್ಯಾಸ್ಕೆಟಿನಲ್ಲಿ ಗುರುತು ಮಾಡಿಕೊಂಡಿದ್ದ ಅದೇ ಮೂಲೆಯನ್ನು ಹೊರಗಿನಿಂದ ಇನ್ನೊಮ್ಮೆ ನೋಡಿ. ಅಲ್ಲಿ ಹೊಸ ಕಲೆ ಇಲ್ಲದಿದ್ದರೆ ಹಳೆಯ ಗ್ಯಾಸ್ಕೆಟನ್ನು ಎಸೆಯಬಹುದು.